ರೋಗಿಯ ಮಂಚವೇ ಪಾಠಶಾಲೆ: ಡಾ. ಟಿ.ಎಂ.ಎ. ಪೈ ಅವರ ಬದುಕು



ನಮ್ಮ ವಿಜ್ಞಾನ ವಿಭಾಗದಲ್ಲಿ ಓದುತ್ತಿರುವ ಅನೇಕರ ಕನಸು ಎಂ.ಬಿ.ಬಿ.ಎಸ್. ನೀಟ್ ಪರೀಕ್ಷೆ, ರ‍್ಯಾಂಕ್, ಸೀಟು, ಶುಲ್ಕ ಇವುಗಳ ಬಗ್ಗೆ ನಾವು ದಿನವೂ ಮಾತನಾಡುತ್ತೇವೆ. ಆದರೆ ಸೀಟು ಸಿಕ್ಕ ಮೇಲೆ ಏನಾಗುತ್ತದೆ? ಪುಸ್ತಕ ಓದಿ ಪಾಸಾದ ಹುಡುಗ ಅಥವಾ ಹುಡುಗಿ ಒಂದು ದಿನ ಮನುಷ್ಯನ ಮೈಮೇಲೆ ಚಾಕು ಇಡುವ ಧೈರ್ಯವನ್ನೂ ಹಕ್ಕನ್ನೂ ಎಲ್ಲಿಂದ ಪಡೆಯುತ್ತಾರೆ? ಈ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಉತ್ತರ ಆಸ್ಪತ್ರೆಯ ವಾರ್ಡಿನಲ್ಲಿದೆ. ಚಿಕ್ಕರಸಿನಕೆರೆ, ಮದ್ದೂರು, ಮಳವಳ್ಳಿ ಕಡೆಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋದವರೆಲ್ಲ ಒಂದು ನೋಟವನ್ನು ಕಂಡಿರುತ್ತಾರೆ. ಬಿಳಿ ಕೋಟು ಹಾಕಿದ ಹತ್ತಾರು ಹುಡುಗ ಹುಡುಗಿಯರು ರೋಗಿಯ ಮಂಚದ ಸುತ್ತ ನಿಂತು ಹಿರಿಯ ವೈದ್ಯರ ಮಾತು ಕೇಳುತ್ತಿರುತ್ತಾರೆ. ಮಂಚದ ಮೇಲಿರುವವರು ಹೆಚ್ಚಾಗಿ ನಮ್ಮಂಥ ಮನೆಯವರೇ, ಕಬ್ಬಿನ ಗದ್ದೆಯಲ್ಲಿ ದುಡಿದವರು, ಗಾರೆ ಕೆಲಸ ಮಾಡಿದವರು. ಕಾಲೇಜೂ ಸರ್ಕಾರದ್ದು, ಆಸ್ಪತ್ರೆಯೂ ಸರ್ಕಾರದ್ದು ಆದಾಗ ಈ ನೋಟ ಸಹಜ ಅನ್ನಿಸುತ್ತದೆ. ಆದರೆ ಆಸ್ಪತ್ರೆಯೇ ಇಲ್ಲದ ಒಂದು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಲು ಹೊರಟವರೊಬ್ಬರಿಗೆ ಇದೇ ದೊಡ್ಡ ಸವಾಲಾಗಿತ್ತು. ಅವರು ಡಾ. ಟಿ.ಎಂ.ಎ. ಪೈ. ಅವರ ಜೀವನ ಪರಿಚಯವನ್ನು ಈ ಸಂಚಿಕೆಯಲ್ಲಿ ಓದೋಣ.

ಕಲ್ಯಾಣಪುರದಿಂದ ಮದ್ರಾಸಿಗೆ

ತೋನ್ಸೆ ಮಾಧವ ಅನಂತ ಪೈ ಅವರು 1898ರ ಏಪ್ರಿಲ್ 30ರಂದು ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದರು. ಅವರದು ಕೊಂಕಣಿ ಮಾತನಾಡುವ ಕುಟುಂಬ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉಡುಪಿ ಕೂಡ ಆ ಜಿಲ್ಲೆಯ ಒಂದು ಭಾಗವಾಗಿತ್ತು. ಕರಾವಳಿಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಡಾಕ್ಟರ್ ಆಗಬೇಕೆಂದರೆ ಸಮುದ್ರದ ಈ ದಡದಿಂದ ಆ ದಡಕ್ಕೆ, ಅಂದರೆ ಮದ್ರಾಸಿಗೆ ಹೋಗಬೇಕಿತ್ತು. ಯುವಕ ಮಾಧವ ಪೈ ಹೋದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ 1925ರ ಹೊತ್ತಿಗೆ ಎಂ.ಬಿ.ಬಿ.ಎಸ್. ಪದವಿ ಪಡೆದರು.

ಮದ್ರಾಸ್ ಮೆಡಿಕಲ್ ಕಾಲೇಜು ದೇಶದ ಅತಿ ಹಳೆಯ ವೈದ್ಯಕೀಯ ಕಾಲೇಜುಗಳಲ್ಲಿ ಒಂದು. 1835ರಲ್ಲಿ ವೈದ್ಯಕೀಯ ಶಾಲೆಯಾಗಿ ಆರಂಭವಾದಾಗಿನಿಂದಲೂ ಅದು ಸರ್ಕಾರಿ ಜನರಲ್ ಆಸ್ಪತ್ರೆಗೆ ಅಂಟಿಕೊಂಡೇ ಬೆಳೆಯಿತು. ಪಾಠದ ಕೋಣೆಯಿಂದ ಹೊರಬಂದರೆ ವಾರ್ಡು, ವಾರ್ಡಿನಿಂದ ಮುಂದೆ ಹೋದರೆ ಆಪರೇಷನ್ ಥಿಯೇಟರ್. ಅಲ್ಲಿ ತಯಾರಾದ ಪ್ರತಿಯೊಬ್ಬ ವೈದ್ಯನೂ ಆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬಂದ ಬಡ ರೋಗಿಗಳಿಂದಲೇ ಕಲಿತವನು. ಪೈ ಅವರೂ ಹಾಗೆಯೇ ಕಲಿತರು. ಕಾಲೇಜಿಗೆ ಆಸ್ಪತ್ರೆ ಎಷ್ಟು ಮುಖ್ಯ ಎನ್ನುವುದನ್ನು ಅವರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ.

ವೈದ್ಯ ಬ್ಯಾಂಕು ಕಟ್ಟಿದ ಕಥೆ

ಓದು ಮುಗಿಸಿದ ಪೈ ಅವರು ಊರಿಗೆ ಹಿಂದಿರುಗಿ ವೈದ್ಯವೃತ್ತಿ ಆರಂಭಿಸಿದರು. ರೋಗಿಗಳನ್ನು ನೋಡುತ್ತಾ ಹೋದಂತೆ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಕಾಯಿಲೆ, ಬಡತನ, ಅನಕ್ಷರತೆ ಈ ಮೂರೂ ಒಂದರ ಕೈ ಒಂದು ಹಿಡಿದುಕೊಂಡೇ ಮನೆಯೊಳಗೆ ಬರುತ್ತವೆ. ಔಷಧಿ ಬರೆದುಕೊಟ್ಟರೂ ಕೊಳ್ಳಲು ಹಣವಿಲ್ಲದಿದ್ದರೆ ಪ್ರಯೋಜನವಿಲ್ಲ. ಹಣ ಬಂದರೂ ಓದು ಬರಹ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ಆ ಕಾಲದಲ್ಲಿ ಕರಾವಳಿಯ ಕೈಮಗ್ಗದ ನೇಕಾರರು ಬಹಳ ಕಷ್ಟದಲ್ಲಿದ್ದರು. 1925ರಲ್ಲಿ ಪೈ ಅವರು ತಮ್ಮ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ಉದ್ಯಮಿ ವಾಮನ ಶ್ರೀನಿವಾಸ ಕುಡ್ವ ಅವರ ಜೊತೆ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಗ ಹಾಕಿದ ಬಂಡವಾಳ 8000 ರೂಪಾಯಿ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ತಂದಿತು. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಬರೆದುಕೊಳ್ಳುತ್ತಾನೆ. ಇಂದಿಗೂ ನಮ್ಮ ಪೇಟೆಗಳಲ್ಲಿ ಸಣ್ಣ ವ್ಯಾಪಾರಿಗಳು ಪಿಗ್ಮಿ ಕಟ್ಟುತ್ತಾರಲ್ಲ, ಆ ಹೆಸರಿನ ಮೂಲ ಅಲ್ಲಿದೆ. ದೊಡ್ಡ ಕೆಲಸಕ್ಕೆ ದೊಡ್ಡ ಹಣ ಒಂದೇ ಸಲ ಬರಬೇಕಾಗಿಲ್ಲ, ಇರುವುದನ್ನು ಕೂಡಿಸಿಕೊಂಡರೆ ಸಾಕು ಎನ್ನುವ ಲೆಕ್ಕಾಚಾರ ಈ ಯೋಜನೆಯಲ್ಲಿತ್ತು. ಪೈ ಅವರು ಮುಂದೆ ವೈದ್ಯಕೀಯ ಕಾಲೇಜು ಕಟ್ಟುವಾಗಲೂ ಇದೇ ಲೆಕ್ಕಾಚಾರ ಕೆಲಸಕ್ಕೆ ಬಂತು.

ಗುಡ್ಡದ ಮೇಲೆ ವಿದ್ಯೆ

ಉಡುಪಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಒಂದು ಎತ್ತರದ ಜಾಗ. ಕೆಂಪು ಮುರಕಲ್ಲಿನ ಬೋಳು ಗುಡ್ಡ. ಅಲ್ಲಿದ್ದ ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದಲೇ ಮಣಿಪಾಲ ಎಂಬ ಹೆಸರು ಬಂತು ಎನ್ನುತ್ತಾರೆ. ಬೇಸಾಯಕ್ಕೆ ಬಾರದ ಆ ನೆಲವನ್ನು ಪೈ ಅವರು ವಿದ್ಯೆಗಾಗಿ ಆರಿಸಿಕೊಂಡರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪನೆಯಾಯಿತು. ಯುವಕರಿಗೆ ಕೈಕಸುಬು ಕಲಿಸುವುದು ಅದರ ಮೊದಲ ಗುರಿಯಾಗಿತ್ತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಶುರುವಾಯಿತು.

ಇದಾದ ಮೇಲೆ ಪೈ ಅವರ ಮನಸ್ಸು ವೈದ್ಯಕೀಯ ಕಾಲೇಜಿನ ಕಡೆಗೆ ಹೋಯಿತು. ಆಗಿನ ಸ್ಥಿತಿಯನ್ನು ನೆನಪಿಸಿಕೊಳ್ಳಿ. ಇಂದಿನ ಕರ್ನಾಟಕದ ಇಷ್ಟು ದೊಡ್ಡ ಪ್ರದೇಶಕ್ಕೆ ಇದ್ದದ್ದು 1924ರಲ್ಲಿ ಆರಂಭವಾಗಿದ್ದ ಮೈಸೂರು ವೈದ್ಯಕೀಯ ಕಾಲೇಜು ಒಂದೇ. ವೈದ್ಯಕೀಯ ಕಾಲೇಜು ಎಂದರೆ ಸರ್ಕಾರವೋ ದೊಡ್ಡ ಮಿಷನ್ ಸಂಸ್ಥೆಯೋ ನಡೆಸಬೇಕಾದದ್ದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಒಬ್ಬ ಖಾಸಗಿ ವ್ಯಕ್ತಿ, ಅದೂ ಪುಟ್ಟ ಪಟ್ಟಣವೊಂದರ ಪಕ್ಕದ ಬೋಳು ಗುಡ್ಡದ ಮೇಲೆ, ಇಂಥ ಕಾಲೇಜು ತೆರೆಯುತ್ತೇನೆ ಎಂದಾಗ ನಂಬುವವರು ಕಡಿಮೆ ಇದ್ದರು.

1953ರ ಜೂನ್ 30ರಂದು ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಯಿತು. ಕಸ್ತೂರಬಾ ಗಾಂಧಿಯವರ ನೆನಪಿಗಾಗಿ ಇಟ್ಟ ಹೆಸರು ಇದು. ಮೊದಲ ವರ್ಷಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆ ಅದಕ್ಕೆ ಇತ್ತು. ವಿದ್ಯಾರ್ಥಿಗಳ ಶುಲ್ಕದ ಬಲದಿಂದಲೇ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ದೇಶದಲ್ಲೇ ಇದು ಮೊದಲನೆಯದು ಎಂದು ಗುರುತಿಸುತ್ತಾರೆ.

ಕಾಲೇಜು ಇದೆ, ಮಂಚಗಳೆಲ್ಲಿ?

ಮೊದಲ ಹಂತದ ಪಾಠಗಳಿಗೆ ತೊಂದರೆ ಇರಲಿಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮುಂತಾದ ವಿಷಯಗಳನ್ನು ಕಟ್ಟಡ, ಪ್ರಯೋಗಾಲಯ, ಒಳ್ಳೆಯ ಅಧ್ಯಾಪಕರು ಇದ್ದರೆ ಎಲ್ಲಿ ಬೇಕಾದರೂ ಕಲಿಸಬಹುದು. ಆದರೆ ಅದು ಮುಗಿದ ಮೇಲೆ ವಿದ್ಯಾರ್ಥಿ ರೋಗಿಯ ಹತ್ತಿರ ಹೋಗಲೇಬೇಕು. ಔಷಧ ವಿಭಾಗ, ಶಸ್ತ್ರಚಿಕಿತ್ಸೆ, ಹೆರಿಗೆ ಹೀಗೆ ಪ್ರತಿ ವಿಭಾಗದಲ್ಲೂ ವಾರಗಟ್ಟಲೆ ಕೆಲಸ ಮಾಡಬೇಕು. ಅದಕ್ಕೆ ನೂರಾರು ಹಾಸಿಗೆಗಳ ಆಸ್ಪತ್ರೆ ಬೇಕು. ಆ ಹಾಸಿಗೆಗಳಲ್ಲಿ ನಾನಾ ಬಗೆಯ ಕಾಯಿಲೆಯ ರೋಗಿಗಳು ಇರಬೇಕು. ಹೊಸದಾಗಿ ಅಂಥ ಆಸ್ಪತ್ರೆ ಕಟ್ಟಲು ಆಗ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಕಟ್ಟಡ ಎದ್ದರೂ ಜನ ನಂಬಿ ಬರಲು ವರ್ಷಗಳೇ ಬೇಕು.

ಮಣಿಪಾಲದಿಂದ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಇತ್ತು. 1848ರಲ್ಲಿ ಹುಟ್ಟಿಕೊಂಡ ಈ ಆಸ್ಪತ್ರೆಗೆ ಮುಂದೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಅವರ ಹೆಸರು ಬಂತು. ಹೆರಿಗೆಗೆಂದು ಲೇಡಿ ಗೋಷನ್ ಆಸ್ಪತ್ರೆ ಬೇರೆ ಇತ್ತು. ಅಲ್ಲಿ ರೋಗಿಗಳು ತುಂಬಿದ್ದರು. ವೈದ್ಯರು ಮಾತ್ರ ಸಾಲದಾಗಿದ್ದರು. ಮಣಿಪಾಲದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದ್ದರು, ರೋಗಿಗಳು ಇರಲಿಲ್ಲ.

ಪೈ ಅವರು ಈ ಎರಡನ್ನೂ ಜೋಡಿಸಿದರು. ಸರ್ಕಾರದ ಒಪ್ಪಿಗೆ ಪಡೆದು ಈ ಸರ್ಕಾರಿ ಆಸ್ಪತ್ರೆಗಳಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಕಲಿಯುವ ಅವಕಾಶ ಮಾಡಿಸಿದರು. 1955ರಲ್ಲಿ ಕಾಲೇಜಿನ ಮಂಗಳೂರು ಶಾಖೆ ಆರಂಭವಾಯಿತು. ಕಾಲೇಜಿನ ಅಧ್ಯಾಪಕರು ಅಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಸರ್ಕಾರಿ ಆಸ್ಪತ್ರೆಗೆ ತಜ್ಞ ವೈದ್ಯರು ಸಿಕ್ಕರು, ಕಾಲೇಜಿಗೆ ಮಂಚಗಳು ಸಿಕ್ಕವು. ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ಕಾಲೇಜು ಕೈಜೋಡಿಸುವ ಪದ್ಧತಿಯ ಬಗ್ಗೆ ಈಗ ಎಲ್ಲ ಕಡೆ ಮಾತು ಕೇಳುತ್ತೇವೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಅದು ಎಪ್ಪತ್ತು ವರ್ಷಗಳ ಹಿಂದೆಯೇ ನಡೆದಿತ್ತು. 1961ರಲ್ಲಿ ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ ಆರಂಭವಾಯಿತು. ಆ ಮೇಲೂ ವೆನ್‌ಲಾಕ್ ಜೊತೆಗಿನ ನಂಟು ಮುಂದುವರಿಯಿತು.

ಸರ್ಜರಿ ವಾರ್ಡಿನಲ್ಲಿ ಏನು ಕಲಿಯುತ್ತಾರೆ?

ಶಸ್ತ್ರಚಿಕಿತ್ಸೆಯ ತರಬೇತಿ ಎಂದರೆ ಮೊದಲ ದಿನವೇ ಚಾಕು ಹಿಡಿಯುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲು ಕಲಿಯುವುದು ಮಾತನಾಡಿಸಲು. ವಿದ್ಯಾರ್ಥಿಗೆ ಕೆಲವು ಹಾಸಿಗೆಗಳನ್ನು ವಹಿಸಿಕೊಡುತ್ತಾರೆ. ಅವನು ರೋಗಿಯ ಹೆಸರು, ಊರು, ಕೆಲಸ ಕೇಳಬೇಕು. ಗಡ್ಡೆ ಯಾವಾಗ ಕಾಣಿಸಿತು, ನೋವಿದೆಯೇ, ಹಿಂದೆ ಆಪರೇಷನ್ ಆಗಿದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿ ಬರೆಯಬೇಕು. ಇದೇ ಕೇಸ್ ಶೀಟ್. ಮಂಗಳೂರಿನ ವಾರ್ಡಿನಲ್ಲಿ ಇದಕ್ಕೆ ಕನ್ನಡ ಒಂದೇ ಸಾಲದು. ರೋಗಿ ತುಳು ಮಾತನಾಡಬಹುದು, ಬ್ಯಾರಿ ಮಾತನಾಡಬಹುದು, ಕೊಂಕಣಿ ಅಥವಾ ಮಲಯಾಳ ಮಾತನಾಡಬಹುದು. ಹೊರ ರಾಜ್ಯಗಳಿಂದ ಬಂದ ವಿದ್ಯಾರ್ಥಿ ಪುಸ್ತಕದ ಜೊತೆ ಜನರ ಭಾಷೆಯನ್ನೂ ಕಲಿಯಬೇಕಾಗುತ್ತದೆ.

ಆಮೇಲೆ ಪರೀಕ್ಷೆ. ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ಈ ನಾಲ್ಕು ಹೆಜ್ಜೆಗಳು ತಲೆಮಾರುಗಳಿಂದ ಬಂದಿವೆ. ಹರ್ನಿಯಾದ ಊತ ಕೆಮ್ಮಿದಾಗ ಬೆರಳಿಗೆ ಹೇಗೆ ತಾಗುತ್ತದೆ ಎನ್ನುವುದನ್ನು ಎಷ್ಟು ಪುಟ ಓದಿದರೂ ತಿಳಿಯದು, ಒಮ್ಮೆ ಮುಟ್ಟಿದರೆ ಮರೆಯದು. ಅಪೆಂಡಿಕ್ಸ್ ಕೆರಳಿದವನ ಹೊಟ್ಟೆಯನ್ನು ಎಲ್ಲಿ ಒತ್ತಿದರೆ ಅವನು ಮುಖ ಹಿಂಡುತ್ತಾನೆ ಎನ್ನುವುದೂ ಹಾಗೆಯೇ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಬೇಕು, ರೋಗಿಗೆ ಹೇಳಿ ಮುಟ್ಟಬೇಕು, ಪರದೆ ಎಳೆದು ಮುಟ್ಟಬೇಕು. ಇಂಥ ಸಣ್ಣ ಶಿಸ್ತುಗಳೂ ಪಾಠದ ಭಾಗ.

ಥಿಯೇಟರಿನಲ್ಲಿ ಮೊದಲು ಕೈ ತೊಳೆಯುವುದನ್ನು ಕಲಿಯುತ್ತಾರೆ. ಬೆರಳಿನಿಂದ ಮೊಣಕೈವರೆಗೆ ಕ್ರಮವಾಗಿ ತೊಳೆದು, ಏನನ್ನೂ ಮುಟ್ಟದೆ ಗೌನು, ಗ್ಲೌಸ್ ಹಾಕಿಕೊಳ್ಳಬೇಕು. ನಂತರ ದೂರ ನಿಂತು ನೋಡುವುದು. ಕೆಲವು ಕಾಲದ ಮೇಲೆ ಹತ್ತಿರ ನಿಂತು ನೆರವಾಗುವುದು. ಹೊಲಿಗೆ ಹಾಕುವಂಥ ಕೆಲಸ ಹಿರಿಯರ ಕಣ್ಣೆದುರಿಗೇ ನಡೆಯುತ್ತದೆ. ಆಪರೇಷನ್ ಮುಗಿದ ಮೇಲೆ ಕೆಲಸ ಮುಗಿಯುವುದಿಲ್ಲ. ಗಾಯದ ಡ್ರೆಸ್ಸಿಂಗ್ ಬದಲಿಸಬೇಕು, ಜ್ವರ ನೋಡಬೇಕು, ರೋಗಿ ಎದ್ದು ಓಡಾಡಿದನೇ ಎಂದು ಬೆಳಿಗ್ಗೆ ರೌಂಡ್ಸಿನಲ್ಲಿ ವರದಿ ಕೊಡಬೇಕು. ಗಾಯ ಹೇಗೆ ಮಾಯುತ್ತದೆ ಎಂದು ದಿನದಿನವೂ ಕಂಡವನಿಗೇ ಅದು ಕೆಡುವ ಲಕ್ಷಣ ಬೇಗ ಗೊತ್ತಾಗುವುದು.

ಈ ಕಲಿಕೆಗೆ ಹಳೆಯ ಪರಂಪರೆ ಇದೆ. 10ನೇ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದಲ್ಲಿ ಬಾಳಿದ ಅಲ್ ಝಹ್ರಾವಿ ತನ್ನ 30 ಭಾಗಗಳ ಅತ್ ತಸ್ರೀಫ್ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟರು. ಶಿಷ್ಯರಿಗೆ ತಿಳಿಯಲೆಂದು ಉಪಕರಣಗಳ ಚಿತ್ರಗಳನ್ನೂ ಬಿಡಿಸಿದರು. ಅಂಗರಚನೆ ತಿಳಿಯದ ವೈದ್ಯನೊಬ್ಬ ಹೆಂಗಸಿನ ಕುತ್ತಿಗೆಯ ಗಡ್ಡೆ ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿ ಅವಳ ಸಾವಿಗೆ ಕಾರಣನಾದ ಪ್ರಸಂಗವನ್ನು ಅವರು ಶಿಷ್ಯರಿಗೆ ಎಚ್ಚರಿಕೆಯಾಗಿ ಬರೆದಿದ್ದಾರೆ. 12ನೇ ಶತಮಾನದ ದಮಾಸ್ಕಸ್ಸಿನ ನೂರಿ ಆಸ್ಪತ್ರೆಯಲ್ಲಿ ವೈದ್ಯರು ರೋಗಿಗಳನ್ನು ನೋಡಿ ಬಂದ ಮೇಲೆ ಅಲ್ಲೇ ಕುಳಿತು ಪಾಠ ಹೇಳುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ಅವರು ವಿದ್ಯಾರ್ಥಿಗಳಿಗೆ ವಾರ್ಡಿನಲ್ಲೇ ಜವಾಬ್ದಾರಿ ಕೊಟ್ಟರು. ಅಲ್ಲೇ ವಿಲಿಯಂ ಹಾಲ್‌ಸ್ಟೆಡ್ ಅವರು ಶಸ್ತ್ರಚಿಕಿತ್ಸಕರ ತರಬೇತಿಗೆ ಹಂತಹಂತದ ಕ್ರಮ ರೂಪಿಸಿದರು. ದೇಶ ಯಾವುದಾದರೂ ಕಾಲ ಯಾವುದಾದರೂ ಪಾಠ ನಡೆದದ್ದು ರೋಗಿಯ ಪಕ್ಕದಲ್ಲೇ.

ಶುಲ್ಕದ ಪ್ರಶ್ನೆ

ಪೈ ಅವರ ಬದುಕನ್ನು ಹೇಳುವಾಗ ಒಂದು ಮಾತನ್ನು ಬಿಡುವಂತಿಲ್ಲ. ಸರ್ಕಾರದ ಅನುದಾನವಿಲ್ಲದೆ ಕಾಲೇಜು ನಡೆಸಲು ಅವರು ವಿದ್ಯಾರ್ಥಿಗಳಿಂದ ದೊಡ್ಡ ಮೊತ್ತ ಪಡೆಯುವ ದಾರಿ ಹಿಡಿದರು. ಸರ್ಕಾರಿ ಸೀಟು ಸಿಗದ ಸಾವಿರಾರು ಮಂದಿ ಇದರಿಂದ ವೈದ್ಯರಾದರು. ಅವರಲ್ಲಿ ಅನೇಕರು ಒಳ್ಳೆಯ ಹೆಸರು ಗಳಿಸಿದರು. ಆದರೆ ಈ ದಾರಿಯಲ್ಲಿ ಹಿಂದೆ ಬಂದವರೆಲ್ಲರ ಉದ್ದೇಶ ಒಂದೇ ಆಗಿರಲಿಲ್ಲ. ಹಣವಿದ್ದವರಿಗೆ ಸೀಟು, ಇಲ್ಲದವರಿಗೆ ಬಾಗಿಲು ಬಂದ್ ಎಂಬ ಟೀಕೆ ಬಲವಾಗಿ ಕೇಳಿಬಂತು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತಂದಿತು.

ಅವರ ಹೆಸರಿನ ಸಂಸ್ಥೆ ಹೂಡಿದ ಮೊಕದ್ದಮೆಯೊಂದು ಕಾನೂನಿನ ಪುಸ್ತಕಗಳಲ್ಲೂ ಶಾಶ್ವತವಾಗಿ ಉಳಿದಿದೆ. ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರು ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕನ್ನು ಅದು ವಿವರಿಸಿತು. ವಿದ್ಯೆಯನ್ನು ಲಾಭಕೋರತನಕ್ಕೆ ಬಳಸಬಾರದು ಎಂದೂ ಹೇಳಿತು. ನಮ್ಮ ಕಾಲೇಜಿನಂಥ ಸಂಸ್ಥೆಗಳ ವಿಷಯ ಬಂದಾಗಲೆಲ್ಲ ಈ ತೀರ್ಪಿನ ಹೆಸರು ಕೇಳಿಬರುವುದು ಸಹಜ.

ಕೊನೆಯ ವರ್ಷಗಳು

ಪೈ ಅವರು ಒಂದೇ ಕಾಲೇಜಿಗೆ ನಿಲ್ಲಲಿಲ್ಲ. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, ಅನಂತರ ಔಷಧ ವಿಜ್ಞಾನ ಹಾಗೂ ದಂತವೈದ್ಯಕೀಯ ಕಾಲೇಜುಗಳು ಮಣಿಪಾಲದಲ್ಲಿ ಬಂದವು. 1969ರಲ್ಲಿ ಸಿಂಡಿಕೇಟ್ ಬ್ಯಾಂಕ್ ರಾಷ್ಟ್ರೀಕರಣವಾಯಿತು. 1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. 1979ರ ಮೇ 29ರಂದು ಅವರು ತೀರಿಕೊಂಡರು. ಬಳಿಕ ಅವರ ಮಗ, ಅದೇ ಕಾಲೇಜಿನಲ್ಲಿ ವೈದ್ಯಕೀಯ ಓದಿದ ಡಾ. ರಾಮದಾಸ್ ಪೈ, ಸಂಸ್ಥೆಗಳನ್ನು ಮುನ್ನಡೆಸಿದರು. 1993ರಲ್ಲಿ ಮಣಿಪಾಲದ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು.

ನಮಗೊಂದು ಋಣ

ಸ್ನೇಹಿತರೇ, ಪೈ ಅವರ ಬದುಕಿನಿಂದ ಉದ್ಯಮ, ಧೈರ್ಯ, ಶಿಸ್ತು ಎಲ್ಲವನ್ನೂ ಕಲಿಯಬಹುದು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ ಒಂದು. ಅವರ ಹತ್ತಿರ ಜಾಗ ಇತ್ತು, ಬ್ಯಾಂಕು ಇತ್ತು, ಒಳ್ಳೆಯ ಅಧ್ಯಾಪಕರನ್ನು ಕರೆಸುವ ಶಕ್ತಿ ಇತ್ತು. ಆದರೂ ವೆನ್‌ಲಾಕ್‌ನ ವಾರ್ಡಿಲ್ಲದೆ ಒಬ್ಬನೇ ಒಬ್ಬ ಸರ್ಜನನನ್ನು ತಯಾರು ಮಾಡಲು ಆಗುತ್ತಿರಲಿಲ್ಲ. ದಕ್ಷಿಣ ಕನ್ನಡ, ಕಾಸರಗೋಡು, ಕೊಡಗು, ಚಿಕ್ಕಮಗಳೂರು ಕಡೆಗಳಿಂದ ಬಂದು ಆ ಮಂಚಗಳ ಮೇಲೆ ಮಲಗಿದ ಬಡವರು ತಮ್ಮ ನೋವನ್ನು ಹತ್ತು ಜನ ವಿದ್ಯಾರ್ಥಿಗಳಿಗೆ ಹತ್ತು ಸಲ ಹೇಳಿದರು. ಪರಿಚಯವಿಲ್ಲದ ಕೈಗಳು ಮುಟ್ಟಿ ನೋಡಲು ಬಿಟ್ಟರು. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ವಿದ್ಯಾರ್ಥಿಗೂ ಪಾಠ ಸಿಕ್ಕಿದ್ದು ಕಾಸು ಕೂಡ ಇಲ್ಲದವರಿಂದ. ಆ ಗುರುಗಳ ಹೆಸರು ಯಾವ ಪದವಿ ಪತ್ರದಲ್ಲೂ ಇಲ್ಲ.

ಇಂದು ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. 2019ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ವಿದ್ಯಾರ್ಥಿ ಮೊದಲ ವರ್ಷದಿಂದಲೇ ರೋಗಿಯ ಹತ್ತಿರ ಹೋಗುತ್ತಾನೆ. ರೋಗಿಯ ಜೊತೆ ಹೇಗೆ ಮಾತನಾಡಬೇಕು, ಹೇಗೆ ಒಪ್ಪಿಗೆ ಕೇಳಬೇಕು ಎನ್ನುವುದಕ್ಕೂ ಪಾಠ ಇದೆ. ಪುಸ್ತಕದಲ್ಲಿ ಇದು ಸೇರಿದ್ದು ಒಳ್ಳೆಯದೇ. ಮನಸ್ಸಿನಲ್ಲಿ ಸೇರಬೇಕಾದರೆ ಈಗಿನಿಂದಲೇ ಅಭ್ಯಾಸ ಬೇಕು.

ನಮ್ಮಲ್ಲಿ ಯಾರಿಗೆ ಸೀಟು ಸಿಗುತ್ತದೋ ಗೊತ್ತಿಲ್ಲ. ಸಿಕ್ಕವರು ಮಂಡ್ಯಕ್ಕೆ ಹೋಗಬಹುದು, ಮೈಸೂರಿಗೆ ಹೋಗಬಹುದು, ಮಂಗಳೂರಿಗೂ ಹೋಗಬಹುದು. ವಾರ್ಡಿನಲ್ಲಿ ಮೊದಲ ಕೇಸ್ ಶೀಟ್ ಬರೆಯುವ ದಿನ ಮಂಚದ ಮೇಲಿರುವವರನ್ನು ಹಾಸಿಗೆಯ ನಂಬರಿನಿಂದ ಕರೆಯಬೇಡಿ. ಅಜ್ಜ, ಅಮ್ಮ, ಅಣ್ಣ, ಚಾಚಾ ಎಂದು ಕರೆದು ಮಾತನಾಡಿಸಿ. ಸೀಟು ಸಿಗದೆ ಬೇರೆ ದಾರಿ ಹಿಡಿದವರು ಎಂದಾದರೂ ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ, ಬಿಳಿ ಕೋಟಿನ ಹುಡುಗಿಯೊಬ್ಬಳು ಹಿಂಜರಿಯುತ್ತಾ ಬಂದು ಪ್ರಶ್ನೆ ಕೇಳಿದರೆ ಸಿಡುಕದೆ ಉತ್ತರಿಸಿ. ಆ ಹೊತ್ತಿನಲ್ಲಿ ನೀವೇ ಅವಳ ಗುರುಗಳು.